ನಿನ್ನ ತಮ್ಮನನ್ನು ಬಿಟ್ಟುಕೊಡಬೇಡ

ಪ್ರೀತಿಯ ಗೆಳೆಯಾ,

"ಅವನು ಇನ್ನು ನನ್ನ ತಮ್ಮನೇ ಅಲ್ಲ" ಎಂದು ನೀನು ಬರೆದದ್ದನ್ನು ಓದಿದಂದಿನಿಂದ ನನಗೆ ಸಮಾಧಾನವಿಲ್ಲ. ಅಪ್ಪನನ್ನು ಕಳೆದುಕೊಂಡ ಮನೆಯಲ್ಲಿ ಉಳಿದಿಬ್ಬರು ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡದಂತಾದರೆ ಅಮ್ಮನ ಗತಿಯೇನು ಎಂಬ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸುತ್ತಿರುವುದು ಅಪ್ಪನ ಕೊಲೆಯ ಮೊಕದ್ದಮೆ. ನಿಮ್ಮಿಬ್ಬರ ಈ ಮುನಿಸಿನಿಂದ ಅದು ಕೈತಪ್ಪಿ ಹೋಗಬಹುದು.

ನೀನು ಓದಿ ನೌಕರಿ ಹಿಡಿದೆ. ಅವನು ಓದು ಬಿಟ್ಟು ಬೀದಿಯ ಹುಡುಗರ ಸಹವಾಸಕ್ಕೆ ಬಿದ್ದ, ಹೊಡೆದಾಟದ ಒಂದು ಕೇಸನ್ನೂ ಮೈಮೇಲೆ ಎಳೆದುಕೊಂಡ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂದು ರಾತ್ರಿ ಅಪ್ಪನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಬರುತ್ತಿದ್ದವನು ಅವನೇ. ಬೈಕಿನಲ್ಲಿ ಬಂದವರು ಚೀಲಕ್ಕೆ ಕೈಹಾಕಿದ್ದು, ಅಪ್ಪ ಚೀಲದ ಪಟ್ಟಿಯನ್ನು ಬಿಡದೆ ಹಿಡಿದುಕೊಂಡದ್ದು, ಹಿಂದೆ ಕುಳಿತಿದ್ದವನು ಸೊಂಟದಿಂದ ಚಾಕು ತೆಗೆದದ್ದು, ಇಷ್ಟನ್ನೂ ಕಣ್ಣಾರೆ ಕಂಡವನು ಅವನೊಬ್ಬನೇ. ಹೆಲ್ಮೆಟ್ಟಿನ ಗಾಜು ಮೇಲೆತ್ತಿದ್ದರಿಂದ ಬೀದಿದೀಪದ ಬೆಳಕಿನಲ್ಲಿ ಆ ಮುಖ ಅವನಿಗೆ ಸ್ಪಷ್ಟವಾಗಿ ಕಂಡಿದೆ. ನೀನು ಮನೆಯಿಂದ ಹೊರಗಟ್ಟಿರುವುದು ಈ ಮೊಕದ್ದಮೆಯ ಏಕೈಕ ಪ್ರತ್ಯಕ್ಷ ಸಾಕ್ಷಿಯನ್ನು.

"ಅವನಂಥವನ ಮಾತನ್ನು ಕೋರ್ಟು ನಂಬುತ್ತದೆಯೇ, ಅದೂ ಸತ್ತವರ ಮಗ" ಎಂದು ನೀನು ಕೇಳಿದ್ದೀಯಲ್ಲ. ಸ್ವಂತದವನನ್ನು ಕಳೆದುಕೊಂಡ ಬಂಧು ನಿಜವಾದ ಕೊಲೆಗಾರನನ್ನು ಬಿಟ್ಟು ಬೇರೊಬ್ಬನನ್ನು ಸಿಕ್ಕಿಸುವುದು ಸಾಮಾನ್ಯವಾಗಿ ನಡೆಯುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟು ದಲೀಪ್ ಸಿಂಗ್ ಪ್ರಕರಣದಲ್ಲಿ 1953ರಷ್ಟು ಹಿಂದೆಯೇ ಹೇಳಿದೆ. ಹಳೆಯ ಕೇಸೊಂದು ಇದೆ ಎಂಬ ಮಾತ್ರಕ್ಕೆ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ನ್ಯಾಯಾಧೀಶರು ಇನ್ನಷ್ಟು ಎಚ್ಚರದಿಂದ ತೂಗಿ ನೋಡಬಹುದು, ಅಷ್ಟೇ. ಪಾಟಿ ಸವಾಲಿನಲ್ಲಿ ಎದುರಾಳಿ ವಕೀಲರು ಅದನ್ನು ಎತ್ತದೆ ಇರುವುದಿಲ್ಲ. ಆದ್ದರಿಂದ ಸರ್ಕಾರಿ ವಕೀಲರಿಗೆ ಆ ಕೇಸಿನ ವಿಷಯ ನಿಮ್ಮ ಬಾಯಿಂದಲೇ ಮೊದಲು ತಿಳಿಯಲಿ.

ಈಗ ಅವನು "ಕೋರ್ಟು ಗೀರ್ಟು ಬೇಡ, ನಾನೇ ಮುಗಿಸುತ್ತೇನೆ" ಎಂದು ತಿರುಗುತ್ತಿರುವ ವಿಚಾರ. ಗೆಳೆಯಾ, ಇದು ಬರೀ ಪೊಗರಿನ ಮಾತೆಂದು ನನಗನ್ನಿಸುವುದಿಲ್ಲ. ಕಣ್ಣೆದುರೇ ಅಪ್ಪ ಬಿದ್ದರೂ ತಡೆಯಲಾಗಲಿಲ್ಲವೆಂಬ ಉರಿ ಅವನನ್ನು ಸುಡುತ್ತಿದೆ, ಅದನ್ನು ಆರಿಸಿಕೊಳ್ಳಲು ಅವನಿಗೆ ಗೊತ್ತಿರುವ ದಾರಿ ಅದೊಂದೇ. ಆದರೆ ಅವನು ಮಚ್ಚು ಎತ್ತಿದ ಮರುಕ್ಷಣ ನಮ್ಮ ಸಾಕ್ಷಿ ಆರೋಪಿಯಾಗುತ್ತಾನೆ, ಎಲ್ಲವೂ ಹಳೆಯ ದ್ವೇಷದ ಕಥೆ ಎನ್ನಲು ಎದುರಿನವರಿಗೆ ದಾರಿ ಸಿಗುತ್ತದೆ. ಜೊತೆಗೆ ಬರುತ್ತೇವೆ ಎನ್ನುತ್ತಿರುವ ಆ ಹುಡುಗರೂ ಪುಕ್ಕಟೆಯಾಗಿ ಬರುವವರಲ್ಲ. ನಾಳೆ ಅವರ ಜಗಳಕ್ಕೆ ಇವನು ಹೋಗಲೇಬೇಕಾಗುತ್ತದೆ, ಆಮೇಲೆ ಅಲ್ಲಿಂದ ಹೊರಬರುವುದು ಸುಲಭವಲ್ಲ. ಈ ಮಾತನ್ನು ನಾನು ಹೇಳಿದರೆ ಬುದ್ಧಿವಾದವಾಗುತ್ತದೆ. ಅಣ್ಣನಾಗಿ ನೀನು ಹೇಳಬೇಕು.

ಇನ್ನೊಂದು ಆತಂಕವಿದೆ. ಶಂಕಿತನ ಫೋಟೋವನ್ನು ಯಾರೋ ತಮ್ಮನ ಫೋನಿಗೆ ಕಳಿಸಿದ್ದಾರೆ ಎಂದು ಬರೆದಿದ್ದೀಯ. ಅದನ್ನು ಯಾರಿಗೂ ಕಳಿಸಬೇಡಿ, ವಾಟ್ಸಾಪ್ ಗುಂಪುಗಳಿಗೆ ಹಾಕಲೇಬೇಡಿ. ಆರೋಪಿಗಳು ಸಿಕ್ಕಮೇಲೆ ಗುರುತು ಪತ್ತೆ ಪರೇಡ್, ಅಂದರೆ ಹಲವರ ನಡುವೆ ನಿಲ್ಲಿಸಿದ ಆರೋಪಿಯನ್ನು ಸಾಕ್ಷಿ ಗುರುತಿಸುವ ಕ್ರಮ, ಸಾಮಾನ್ಯವಾಗಿ ನಡೆಯುತ್ತದೆ. ಮೊದಲೇ ಫೋಟೋ ನೋಡಿದ್ದ ಸಾಕ್ಷಿ ಗುರುತಿಸಿದರೆ ಆ ಗುರುತಿಗೆ ಬೆಲೆ ಉಳಿಯುವುದು ಕಷ್ಟ. ಅವನು ಈಗಾಗಲೇ ನೋಡಿದ್ದರೆ ಮುಚ್ಚಿಡದೆ ತನಿಖಾಧಿಕಾರಿಗೆ ಹೇಳಲಿ. ಆ ಬೀದಿಯ ಅಂಗಡಿಗಳ ಸಿಸಿಟಿವಿ ದೃಶ್ಯಗಳು ಕೆಲವು ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುವುದುಂಟು, ಆದ್ದರಿಂದ ಅವನ್ನು ಕೂಡಲೇ ವಶಪಡಿಸಿಕೊಳ್ಳುವಂತೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದುಕೋ.

ಎಫ್‌ಐಆರ್ ದಾಖಲಾದಾಗ ಅಪ್ಪ ಇನ್ನೂ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದರು. ಹಾಗಾಗಿ ಅವರು ತೀರಿಕೊಂಡ ಮೇಲೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ, ಅಂದರೆ ಕೊಲೆಯ ಕಲಂ, ಸೇರಿದೆಯೇ ಎಂದು ವಿಚಾರಿಸು. ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಎಫ್‌ಐಆರ್ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು, ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನಗಳೊಳಗೆ ತಿಳಿಸಬೇಕು. ಇಂಥ ಗಂಭೀರ ಅಪರಾಧದಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಇದೇ ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ದಾಖಲಿಸಿಕೊಳ್ಳಬೇಕು. ತಮ್ಮನ ಹೇಳಿಕೆ ಹಾಗೆ ಆಗುವಂತೆ ತನಿಖಾಧಿಕಾರಿಯನ್ನು ಕೇಳಿಕೋ. ಅವನ ಜೀವಕ್ಕೆ ಬೆದರಿಕೆಯಿದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದೆಂಬುದನ್ನು ನೆನಪಿಡು. ಅಮ್ಮನ ಪರವಾಗಿ ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕು; ಅದು ಭಿಕ್ಷೆಯಲ್ಲ, ಸಂಕೋಚ ಬೇಡ.

ಕೆಳಗಿನ ಕೋರ್ಟಿನಲ್ಲಿ ಸೋತರೆ ಎಲ್ಲವೂ ಮುಗಿಯಿತು ಎಂದು ಅವನು ವಾದಿಸಬಹುದು. ನಮ್ಮ ರಾಜ್ಯದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣವನ್ನು ಅವನಿಗೆ ಹೇಳು. ಆರೋಪಿಗಳು ಖುಲಾಸೆಯಾದರೆ ಸಂತ್ರಸ್ತರು ವಿಶೇಷ ಅನುಮತಿಯ ಹಂಗಿಲ್ಲದೆ ಮೇಲ್ಮನವಿ ಸಲ್ಲಿಸಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ಅದರಲ್ಲೇ ತೀರ್ಪಿತ್ತದ್ದು. ಸಂತ್ರಸ್ತರೆಂದರೆ ಕಾನೂನಿನ ಕಣ್ಣಿನಲ್ಲಿ ವಾರಸುದಾರರೂ ಹೌದು. ಆ ಹಕ್ಕು ನಿನಗಿರುವಷ್ಟೇ ಅವನಿಗೂ ಇದೆ.

ಈ ಭಾನುವಾರ ನಾನು ಬರುತ್ತಿದ್ದೇನೆ. ಅಷ್ಟರೊಳಗೆ ಅವನಿಗೆ ನೀನೇ ಫೋನು ಮಾಡಿ ಮನೆಗೆ ಕರೆಸು, ಹಳೆಯದನ್ನೆಲ್ಲ ಎತ್ತಬೇಡ. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಅವನ ಹಳೆಯ ಕೇಸಿನ ಕಾಗದಗಳು ಒಂದೆಡೆ ಇರಲಿ. ಸೋಮವಾರ ಮೂವರೂ ಸೇರಿ ಸರ್ಕಾರಿ ವಕೀಲರನ್ನು ಕಾಣೋಣ.

ಇಂತಿ ನಿನ್ನ
ಗೆಳೆಯ