ತೊಡಕು ಎಲ್ಲಿಂದ ಬಂತು?

ಬಸವಕಲ್ಯಾಣ

ಚಿ. ಮೊಮ್ಮಗಳಿಗೆ ನಿನ್ನ ಮುತ್ಯಾ ಮಾಡುವ ಆಶೀರ್ವಾದಗಳು.

ಕಲಬುರಗಿಯಿಂದ ನೀನು ಕಳಿಸಿದ ಪ್ರಾಜೆಕ್ಟ್ ವರದಿ ಓದಿದೆ. "ಸುಲಭವಾಗಿ ಬರೆದರೆ ತೂಕ ಇಲ್ಲ ಅಂತಾರೆ ಮುತ್ಯಾ" ಎಂದು ಫೋನಿನಲ್ಲಿ ಹೇಳಿದ್ದೆ. ಆ ಮಾತು ನನಗೆ ಸರಿ ಕಾಣಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಲೋಲಕ ಓಲಾಡುವುದು ನಡುವಿನಿಂದ 5 ಡಿಗ್ರಿ ಮಾತ್ರ. ಅದು ಒಂದು ಸಲ ಓಲಾಡಲು ಹಿಡಿಯುವ ಕಾಲ ಲೆಕ್ಕ ಹಾಕಲು ಪುಟಗಟ್ಟಲೆ ಎಲಿಪ್ಟಿಕ್ ಇಂಟಿಗ್ರಲ್ ಎಂಬ ದೊಡ್ಡ ಗಣಿತ ಹಾಕಿದ್ದೀಯ. ಅಷ್ಟೆಲ್ಲ ಮಾಡಿದರೂ ಸಾದಾ ಸೂತ್ರದ ಉತ್ತರ ಬದಲಾಗುವುದು ಹತ್ತು ಸಾವಿರಕ್ಕೆ 5ರಷ್ಟು. ಸ್ಟಾಪ್‌ವಾಚ್ ಒತ್ತುವಾಗ ನಿನ್ನ ಬೆರಳು ತಡ ಮಾಡುವುದೇ ಅದಕ್ಕಿಂತ ಜಾಸ್ತಿ, ಅಲ್ವಾ? ಅದೇ ಲೋಲಕವನ್ನು 60 ಡಿಗ್ರಿಗೆ ಎಳೆದು ಬಿಟ್ಟು ನೋಡು. ವ್ಯತ್ಯಾಸ ನೂರಕ್ಕೆ 7 ದಾಟುತ್ತದೆ. ಅಲ್ಲಿ ಆ ಗಣಿತ ಬೇಕೇ ಬೇಕು. ಆ ಪ್ರಯೋಗ ಮಾಡಿ ಸೇರಿಸು, ಇಲ್ಲವೇ ಆ ಪುಟಗಳನ್ನು ತೆಗೆ.

ಹಾಗಂತ ಸರಳವಾದದ್ದೇ ಸರಿ ಎಂದೂ ತಿಳಿಯಬೇಡ. ಮಂಗಳ ಗ್ರಹದ ದಾರಿ ವೃತ್ತ ಎಂದು ಹಿಡಿದು ಖಗೋಳ ವಿಜ್ಞಾನಿ ಕೆಪ್ಲರ್ ವರ್ಷಗಟ್ಟಲೆ ಲೆಕ್ಕ ಹಾಕಿದ. ಆಕಾಶ ನೋಡಿ ನೋಡಿ ಟೈಕೋ ಬ್ರಾಹೆ ಎಂಬ ಖಗೋಳಜ್ಞ ಅಳೆದಿಟ್ಟದ್ದಕ್ಕೂ ಕೆಪ್ಲರನ ಲೆಕ್ಕಕ್ಕೂ ಉಳಿದ ಅಂತರ 8 ಆರ್ಕ್‌ಮಿನಿಟ್ (ಒಂದು ಡಿಗ್ರಿಯನ್ನು ಅರವತ್ತು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಮಿನಿಟ್). ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ. ಬೇರೆಯವರಾದರೆ ಇಷ್ಟೇ ತಾನೆ ಎಂದು ಬಿಡುತ್ತಿದ್ದರೋ ಏನೋ. ಟೈಕೋ ಅಷ್ಟು ತಪ್ಪು ಅಳೆಯುವವನಲ್ಲ ಎಂದು ಕೆಪ್ಲರನಿಗೆ ಗೊತ್ತಿತ್ತು. ವೃತ್ತವನ್ನೇ ಕೈಬಿಟ್ಟ. 1609ರಲ್ಲಿ ದೀರ್ಘವೃತ್ತ ಎಂದು ಪ್ರಕಟಿಸಿದ. ಅದು ವೃತ್ತಕ್ಕಿಂತ ತೊಡಕಿನ ಆಕಾರ ನಿಜ. ಆದರೆ ಅದನ್ನು ಒಪ್ಪಿದ ಮೇಲೆ, ಸೂರ್ಯನನ್ನು ನಡುವೆ ಇಟ್ಟ ಕೊಪರ್ನಿಕಸ್ ಕೂಡ ಬಿಡಲಾಗದೆ ಉಳಿಸಿಕೊಂಡಿದ್ದ ವೃತ್ತದ ಮೇಲಿನ ವೃತ್ತಗಳೆಲ್ಲ ಬೇಡವಾದವು. ಅಳತೆ ಕೇಳಿದಷ್ಟೇ ತೊಡಕು. ಈ ಕಥೆ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ತತ್ವಶಾಸ್ತ್ರದಲ್ಲಿ ಹೀಗೆ ಅಳೆದು ನೋಡಲು ಆಗುವುದಿಲ್ಲ, ಅದಕ್ಕೇ ಅಲ್ಲಿ ಮೋಸ ಹೋಗುವುದು ಸುಲಭ. ಆದರೂ ನಮ್ಮ ಕಲ್ಯಾಣದ ಶರಣರನ್ನೇ ನೋಡು. ಬಸವಣ್ಣನವರ ಮಾತು ಶಾಲೆ ಮೆಟ್ಟಿಲು ಹತ್ತದವರಿಗೂ ತಿಳಿಯುತ್ತದೆ. ಅಲ್ಲಮಪ್ರಭುಗಳ ಒಗಟಿನಂಥ ಬೆಡಗಿನ ವಚನಗಳು ಇವತ್ತಿಗೂ ನನಗೆ ಪೂರ್ತಿ ಬಿಡಿಸಲು ಬರುವುದಿಲ್ಲ. ಮಾತಿಗೆ ಸಿಗದ್ದನ್ನು ಅವರು ಹೇಳಹೊರಟಿದ್ದರು. ಹತ್ತು ಸಲ ಓದಿದರೆ ಹತ್ತನೆಯ ಸಲ ಏನೋ ಹೊಸದು ಕಾಣುತ್ತದೆ. ಜರ್ಮನಿಯ ತತ್ವಜ್ಞಾನಿ ಕಾಂಟ್ 1781ರಲ್ಲಿ ಬರೆದ ದೊಡ್ಡ ಪುಸ್ತಕವೂ ಕಬ್ಬಿಣದ ಕಡಲೆಯೇ. ಅದೇ ವಿಚಾರವನ್ನು 1783ರಲ್ಲಿ ಚಿಕ್ಕ ಪುಸ್ತಕವಾಗಿ ಮತ್ತೆ ಬರೆದ. ಗಟ್ಟಿ ವಿಚಾರ ಇದ್ದವರು ಹೀಗೆ ಇನ್ನೊಂದು ರೀತಿಯಲ್ಲೂ ಹೇಳಬಲ್ಲರು.

ನೀನು ಈಗ ಓದುತ್ತಿರುವ ಪುಸ್ತಕದಲ್ಲಿ ಅರ್ಥವಾಗದ ಪುಟ ಬಂದರೆ ಸುಮ್ನೆ ತಲೆದೂಗಬೇಡ. ನಿನ್ನ ಮಾತಿನಲ್ಲಿ ಅರ್ಧ ಪುಟ ಬರೆದು ನೋಡು. ಬರೆಯಲು ಏನೂ ಸಿಗದಿದ್ದರೆ ನನಗೆ ಫೋನ್ ಮಾಡು, ಕೂಡಿ ಓದೋಣ.

ನಿನ್ನ ಮುತ್ಯಾ