ರಕ್ತ ಕೊಟ್ಟವರಿಗೆ, ಹಪ್ಪಳ ಕಳಿಸಿದವರಿಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆಲ್ಲ ಆಗಲೇ ಥ್ಯಾಂಕ್ಸ್ ಹೇಳಿದ್ದೇನೆ. ಬಾಕಿ ಉಳಿದವರಿಗೆ ಈ ಬರಹ.

ಮೊದಲು, ರಕ್ತ ಕೊಟ್ಟವರಿಗೆ. ನಾನು ಕೆಲಸ ಮಾಡಿದ್ದು ಮೆಲನೋಮದ ಮೇಲೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಅದು. ನಮ್ಮಲ್ಲಿ ಅಪರೂಪ. ಬಂದರೆ ಅಂಗಾಲಲ್ಲೋ ಉಗುರಿನ ಅಡಿಯಲ್ಲೋ ಬರುವುದು ಜಾಸ್ತಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಆಣಿ ಇರಬೇಕು ಅಂತ ಸುಮ್ನೆ ಬಿಟ್ಟುಬಿಡಬಹುದು, ಅಲ್ವಾ? ರೋಗ ಹಿಡಿದ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳಿವೆ, ಟಿ ಕೋಶ ಅಂತ. ಈ ಕ್ಯಾನ್ಸರನ್ನು ಗುರುತು ಹಿಡಿಯುವ, ಕೋಶದ ಮೇಲ್ಮೈಯ ಕೊಂಡಿಯಂಥ ರಿಸೆಪ್ಟರ್‌ನ ಜೀನನ್ನು, ರೋಗ ತರುವ ಶಕ್ತಿ ತೆಗೆದ ವೈರಸ್ಸಿನ ಮೂಲಕ ಟಿ ಕೋಶದೊಳಗೆ ಸೇರಿಸುತ್ತೇವೆ. ಆ ಟಿ ಕೋಶ ಯಾರದೋ ತೋಳಿನಿಂದಲೇ ಬರಬೇಕು. ಟ್ಯೂಬಿನ ಮೇಲೆ ಬರೀ ನಂಬರ್, ಹೆಸರಿಲ್ಲ. ಕೋಶಗಳು ಚೆನ್ನಾಗಿ ಬೆಳೆದರೆ ಫ್ಲಾಸ್ಕಿನ ಕೆಂಪು ದ್ರವ ಹಳದಿಗೆ ತಿರುಗುತ್ತದೆ. ಆ ಹಳದಿ ಕಂಡ ದಿನ ಹಾಸ್ಟೆಲ್ ಸಾಂಬಾರೂ ರುಚಿ! ನೀವು ಯಾರೋ ಏನೋ, ನನ್ನ ಥೀಸಿಸ್‌ನ ಪ್ರತಿ ಪುಟದಲ್ಲೂ ನೀವಿದ್ದೀರಿ.

ನನ್ನ ಗೈಡ್‌ಗೆ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದಕ್ಕೆ: "ಕೊಂದಿತು ಸರಿ, ಯಾರನ್ನು ಬಿಟ್ಟಿತು?" ಕೇಳಲು ಕಾರಣ ಇತ್ತು. 2006ರಲ್ಲಿ ಅಮೆರಿಕದ ಸ್ಟೀವನ್ ರೋಸೆನ್‌ಬರ್ಗ್ ತಂಡ ಹೀಗೆ ಬದಲಿಸಿದ ಟಿ ಕೋಶಗಳನ್ನು ಮೆಲನೋಮ ರೋಗಿಗಳಿಗೆ ಕೊಟ್ಟಿತು. ಗಡ್ಡೆ ಕರಗಿದ್ದು ಇಬ್ಬರಲ್ಲಿ ಮಾತ್ರ. 2009ರಲ್ಲಿ ಇನ್ನೂ ಬಿಗಿಯಾಗಿ ಹಿಡಿಯುವ ರಿಸೆಪ್ಟರ್ ಬಳಸಿದಾಗ ಹೆಚ್ಚು ಜನರಿಗೆ ಗುಣ ಕಂಡಿತು, ಆದರೆ ಕೆಲವರ ಚರ್ಮ, ಕಣ್ಣು, ಕಿವಿಗೂ ಪೆಟ್ಟು ಬಿತ್ತು. ಬಣ್ಣದ ಕೋಶಗಳು ಅಲ್ಲೂ ಇವೆಯಲ್ಲ! ಹಾಗಾಗಿ ನನ್ನ ಟಿ ಕೋಶ ಒಳ್ಳೆಯ ಕೋಶಗಳನ್ನು ಕೊಲ್ಲದೆ ಬಿಡುತ್ತದೆಯೇ ಎಂದು ನೋಡುವುದರಲ್ಲೇ ನನ್ನ ಅರ್ಧ ಪಿಎಚ್‌ಡಿ ಕಳೆಯಿತು. ಆಗ ಸಿಟ್ಟು ಬರುತ್ತಿತ್ತು ಸರ್. ಈಗ ಇಲ್ಲ.

ಪೆರ್ಲದ ಕನ್ನಡ ಮೀಡಿಯಂ ಶಾಲೆಯ ವಿಜ್ಞಾನದ ಟೀಚರಿಗೆ. ಬಿಳಿ ರಕ್ತಕಣವನ್ನು ಬೋರ್ಡ್ ತುಂಬ ದೊಡ್ಡದಾಗಿ ಬಿಡಿಸಿ, ಬೆಲ್ ಹೊಡೆದರೂ ಅಳಿಸಲು ಬಿಡದವರು ಅವರು. ರಾತ್ರಿ ಇನ್‌ಕ್ಯುಬೇಟರ್ ಅಲಾರಂ ಹೊಡೆದಾಗ ನನಗಿಂತ ಮೊದಲು ಓಡಿ ಬರುತ್ತಿದ್ದ ಲ್ಯಾಬಿನ ಅಕ್ಕನಿಗೆ. ಹಲಸಿನ ಹಪ್ಪಳ ಕಳಿಸಿದ ಬದಿಯಡ್ಕದ ಅತ್ತೆಗೆ. ಅಪ್ಪ, ಅಮ್ಮನಿಗೆ ಮನೆಯಲ್ಲೇ ಹೇಳ್ತೇನೆ.

ಸಿಕ್ಕಾಗಲೆಲ್ಲ "ಮದ್ದು ಸಿಕ್ಕಿತಾ ಮಾರಾಯ್ತಿ?" ಅಂತ ಕೇಳುವ ಮಾವಂದಿರಿಗೂ ಥ್ಯಾಂಕ್ಸ್. ಇಲ್ಲ ಮಾವ. ನನ್ನದು ಇನ್ನೂ ಲ್ಯಾಬಿನ ಪ್ಲೇಟಿನಲ್ಲೇ ಇದೆ, ರೋಗಿಯವರೆಗೆ ಬಂದಿಲ್ಲ. ರಕ್ತದ ಕೆಲವು ಕ್ಯಾನ್ಸರ್‌ಗಳಿಗೆ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರ ಟಿ ಕೋಶ ಚಿಕಿತ್ಸೆಗೆ 2023ರಲ್ಲೇ ಒಪ್ಪಿಗೆ ಸಿಕ್ಕಿದೆ. ಮೆಲನೋಮದಂಥ ಗಟ್ಟಿ ಗಡ್ಡೆಗಳದ್ದು ಇನ್ನೂ ಕಷ್ಟದ ಕೆಲಸ. ಭಾನುವಾರ ಮನೆಯಲ್ಲಿ ಪಾಯಸ ಇದೆ, ಬನ್ನಿ. ಉಳಿದ ಪ್ರಶ್ನೆ ಅಲ್ಲೇ ಕೇಳಿ.