ರದ್ದಾದ ಸೆಕ್ಷನ್ ಠಾಣೆಗೂ ಗೊತ್ತಾಗಲಿ

ಮಾನ್ಯರೇ,

ಜನ ಆರಿಸಿದ ಸಂಸತ್ತು ಮಾಡಿದ ಕಾನೂನನ್ನು ಜಡ್ಜುಗಳು ತೆಗೆದುಹಾಕುವುದು ಸರಿಯೇ ಎಂದು ಜಾಸ್ತಿ ಜನ ಕೇಳುತ್ತಾರೆ. ಆದರೆ ಅವರು ಸುಮ್ನೆ ಇಷ್ಟವಿಲ್ಲ ಅಂತ ತೆಗೆಯುವುದಿಲ್ಲ.

ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್ ನೋಡಿ. ಆನ್‌ಲೈನಿನಲ್ಲಿ ‘ತೀರಾ ಆಕ್ಷೇಪಾರ್ಹ’ ಮಾತು ಕಳಿಸಿದರೆ, ಸುಳ್ಳೆಂದು ಗೊತ್ತಿದ್ದೂ ‘ಕಿರಿಕಿರಿ’ ಮಾಡಲು ಕಳಿಸಿದರೆ 3 ವರ್ಷದವರೆಗೆ ಜೈಲು ಎಂದಿತ್ತು. ಎಷ್ಟಾದರೆ ಕಿರಿಕಿರಿ? ಯಾರಿಗಾದರೆ? ಕಾಯ್ದೆಯಲ್ಲಿ ಎಲ್ಲೂ ಹೇಳಿರಲಿಲ್ಲ. ಮಾತಿಗೆ ಮಿತಿ ಹಾಕಲು ಸಂವಿಧಾನದ 19(2)ನೇ ವಿಧಿ ಕೆಲವೇ ಕಾರಣ ಕೊಟ್ಟಿದೆ. ಸಾರ್ವಜನಿಕ ಶಾಂತಿ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಇಂಥವು. ಕಿರಿಕಿರಿ ಅದರಲ್ಲಿ ಇಲ್ಲ. ಹಾಗಾಗಿಯೇ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ 66ಎ ರದ್ದು ಮಾಡಿತು. ವೆಬ್‌ಸೈಟ್ ತಡೆಯುವ 69ಎ ಸೆಕ್ಷನ್ನನ್ನು ಅದೇ ತೀರ್ಪಿನಲ್ಲಿ ಉಳಿಸಿತು. ಅದರಲ್ಲಿ ಕಾರಣ ಬರೆದಿಡಬೇಕೆಂಬ ಕಟ್ಟುಪಾಡು ಇತ್ತಲ್ವಾ!

ನನ್ನ ಬೇಸರ ಬೇರೆ. 66ಎ ರದ್ದಾಗಿ ವರ್ಷಗಳಾದರೂ ಪೊಲೀಸರು ಅದರಡಿ ಕೇಸು ಹಾಕುತ್ತಲೇ ಇದ್ದರು. ಯಾರ ಮೇಲೂ ಹಾಕಬೇಡಿ ಎಂದು 2022ರ ಅಕ್ಟೋಬರಿನಲ್ಲಿ ಕೋರ್ಟು ಮತ್ತೆ ಹೇಳಬೇಕಾಯಿತು. ಕಾನೂನು ಪುಸ್ತಕದಲ್ಲಿ ಸೆಕ್ಷನ್ ಪೂರ್ತಿ ಅಚ್ಚಾಗಿರುತ್ತದೆ, ರದ್ದಾದ ಸಂಗತಿ ಅಡಿಟಿಪ್ಪಣಿಯಲ್ಲಿ. ಅವಸರದಲ್ಲಿ ಕೇಸು ಬರೆಯುವವರ ಕಣ್ಣಿಗೆ ಅದು ಬೀಳುವುದು ಕಷ್ಟ. ರದ್ದಾದ ಸೆಕ್ಷನ್‌ಗಳ ಪಟ್ಟಿಯನ್ನು ಸರ್ಕಾರ ಕನ್ನಡದಲ್ಲಿ ಪ್ರತಿ ಠಾಣೆಗೂ ಕಳಿಸಲಿ.

– ಒಬ್ಬ ಓದುಗ, ಶಿವಮೊಗ್ಗ